ಪರಮಾಣುವಿಗೆ ಚುಕ್ಕಿ ಇಟ್ಟವರು

ಚಿತ್ರವನ್ನು ಕಿವಿಗೆ ತೋರಿಸುವುದು ಹೇಗೆ ಎಂಬುದು ರೇಡಿಯೋದಲ್ಲಿ ವಿಜ್ಞಾನ ಹೇಳಹೊರಟವರ ಹಳೆಯ ಪೇಚಾಟ. ಇಂದಿನ ವಿಷಯವಂತೂ ಪೂರ್ತಿಯಾಗಿ ಚಿತ್ರವೇ. ಆದುದರಿಂದ ಮೊದಲೇ ಒಂದು ಬಿನ್ನಹ. ಹತ್ತಿರದಲ್ಲಿ ಮಕ್ಕಳ ಪಾಟಿ, ಬಳಪ ಇದ್ದರೆ ಎತ್ತಿಕೊಳ್ಳಿರಿ. ಇಲ್ಲವಾದರೆ ಅಂಗಳದ ಮಣ್ಣು, ಒಂದು ಕಡ್ಡಿ ಸಾಕು. ಧಾತುವಿನ ಹೆಸರಿನ ಮೊದಲಕ್ಷರವನ್ನು ನಡುವೆ ಬರೆದು ಅದರ ನಾಲ್ಕು ಬದಿಗೆ ಚುಕ್ಕಿ ಇಡುವುದಷ್ಟೇ ನಮ್ಮ ಕೆಲಸ.

ಚಿಕ್ಕೋಡಿ, ರಾಯಬಾಗ, ಅಥಣಿ, ಈಚೆಗೆ ತಾಲ್ಲೂಕುಗಳಾದ ನಿಪ್ಪಾಣಿ, ಕಾಗವಾಡ — ಈ ಗಡಿನಾಡಿನಲ್ಲಿ ಕನ್ನಡ ಶಾಲೆಯೂ ಮರಾಠಿ ಶಾಲೆಯೂ ಅಕ್ಕಪಕ್ಕದಲ್ಲಿರುವ ಊರುಗಳುಂಟು. ಪಾಠದ ಭಾಷೆ ಬೇರೆಯಾದರೂ ಹತ್ತನೆಯ ತರಗತಿಯ ರಸಾಯನಶಾಸ್ತ್ರಕ್ಕೆ ಬಂದಾಗ ಎರಡೂ ಕಡೆಯ ಕರಿಹಲಗೆಯ ಮೇಲೆ ಮೂಡುವ ಚುಕ್ಕಿಗಳು ಒಂದೇ. ಒಂದು ಚುಕ್ಕಿ ತಪ್ಪಿದರೆ ಅಂಕ ಹೋಗುವುದೂ ಒಂದೇ. ಆ ಕಡೆಯ ಶಾಲೆಯೊಂದರಲ್ಲಿ ನಾನು ಒಮ್ಮೆ ಮಾತನಾಡಿ ಮುಗಿಸಿದಾಗ ಹುಡುಗಿಯೊಬ್ಬಳು ಎದ್ದು ನಿಂತಳು. "ಪುಸ್ತಕದಾಗ ಒಂದು ಪರಮಾಣುವಿಂದು ಚುಕ್ಕಿ, ಇನ್ನೊಂದರದ್ದು ಗುಣಾಕಾರದ ಗುರುತು ಹಾಕ್ಯಾರಲ್ರೀ ಸರ್, ಎಲೆಕ್ಟ್ರಾನಿನಾಗೂ ಎರಡು ಜಾತಿ ಅದಾವೇನ್ರೀ?" ಎಂದು ಕೇಳಿದಳು. ತರಗತಿ ನಕ್ಕಿತು. ಆದರೆ ಅದು ನಗುವ ಪ್ರಶ್ನೆಯಲ್ಲ. ಅದಕ್ಕೆ ಸರಿಯಾದ ಉತ್ತರ ಕೊಡಬೇಕಾದರೆ ಚುಕ್ಕಿಯ ಚರಿತ್ರೆಯನ್ನೇ ಹೇಳಬೇಕಾಗುತ್ತದೆ.

ನಮ್ಮ ಹೆಣ್ಣುಮಕ್ಕಳು ರಂಗೋಲಿ ಹಾಕುವಾಗ ಮೊದಲು ಚುಕ್ಕಿಯನ್ನಿಟ್ಟು ಆಮೇಲೆ ಗೆರೆ ಎಳೆಯುತ್ತಾರೆ. ರಸಾಯನಶಾಸ್ತ್ರದಲ್ಲಿ ಇದು ತಿರುವುಮುರುವಾಯಿತು. ಅಲ್ಲಿ ಮೊದಲು ಬಂದದ್ದು ಗೆರೆ. ಚುಕ್ಕಿ ಬಂದದ್ದು ಅರ್ಧ ಶತಮಾನ ಕಳೆದ ಮೇಲೆ. 1852ರಲ್ಲಿ ಇಂಗ್ಲೆಂಡಿನ ಫ್ರಾಂಕ್‌ಲ್ಯಾಂಡನು ಒಂದೊಂದು ಧಾತುವಿನ ಪರಮಾಣುವೂ ಇಂತಿಷ್ಟೇ ಪರಮಾಣುಗಳನ್ನು ಹಿಡಿದುಕೊಳ್ಳಬಲ್ಲುದೆಂದು ಗುರುತಿಸಿದ. ಈ ಸಂಯೋಗ ಸಾಮರ್ಥ್ಯಕ್ಕೇ ಮುಂದೆ ವೇಲೆನ್ಸಿ ಎಂಬ ಹೆಸರು ಬಂತು. ಜಲಜನಕಕ್ಕೆ ಒಂದು ಕೈ, ಆಮ್ಲಜನಕಕ್ಕೆ ಎರಡು, ಸಾರಜನಕಕ್ಕೆ ಮೂರು, ಇಂಗಾಲಕ್ಕೆ ನಾಲ್ಕು. 1858ರಲ್ಲಿ ಜರ್ಮನಿಯ ಕೆಕುಲೆಯೂ ಸ್ಕಾಟ್ಲೆಂಡಿನ ಕೂಪರನೂ ಇಂಗಾಲದ ಪರಮಾಣುಗಳು ಒಂದಕ್ಕೊಂದು ಕೈಹಿಡಿದು ಸರಪಳಿಯಾಗುತ್ತವೆಂದು ಬೇರೆ ಬೇರೆಯಾಗಿ ಹೇಳಿದರು. ಕೂಪರನ ಲೇಖನ ಪ್ಯಾರಿಸಿನಲ್ಲಿ ಹಿರಿಯರೊಬ್ಬರ ಮೇಜಿನ ಮೇಲೆ ತಡವಾಯಿತು, ಕೆಕುಲೆಯದು ಮೊದಲು ಅಚ್ಚಾಯಿತು. ಆ ಪೆಟ್ಟಿನಿಂದ ಕೂಪರನ ಮನಸ್ಸು ಕುಸಿಯಿತು. 1892ರವರೆಗೂ ಬದುಕಿದ್ದರೂ ಆತ ಮತ್ತೆ ರಸಾಯನಶಾಸ್ತ್ರದ ಕಡೆ ತಿರುಗಲಿಲ್ಲ. ಎಡಿನ್‌ಬರೋದ ಕ್ರಮ್ ಬ್ರೌನನು 1860ರ ದಶಕದಲ್ಲಿ ಅಕ್ಷರಗಳ ಸುತ್ತ ವೃತ್ತ ಬರೆದು ಅವುಗಳ ನಡುವೆ ಗೆರೆ ಎಳೆದ. ಆ ಗೆರೆ ಇಂದಿಗೂ ಉಳಿದಿದೆ.

ಆದರೆ ಗೆರೆ ಎಂದರೇನು? ಕೊಂಡಿಯೇ, ಅಂಟೇ, ಸೆಳೆತವೇ? ಹೇಳಬಲ್ಲವರು ಯಾರೂ ಇರಲಿಲ್ಲ. ಸಾವಿರಾರು ವಸ್ತುಗಳ ರಚನೆ ಗೆರೆಯ ಬಲದಿಂದಲೇ ತಿಳಿದುಬಂತು. ಬಣ್ಣಗಳು ಬಂದವು, ಔಷಧಗಳು ಬಂದವು. ಗೆರೆ ಮಾತ್ರ ಗೆರೆಯಾಗಿಯೇ ಉಳಿಯಿತು. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದ ಮೇಲೆ, ಪರಮಾಣುಗಳ ನಡುವಣ ವ್ಯವಹಾರದಲ್ಲಿ ಈ ಋಣ ವಿದ್ಯುತ್ಕಣದ ಕೈವಾಡ ಇದ್ದೀತೆಂಬ ಗುಮಾನಿ ಹಲವರಿಗೆ ಬಂತು.

ಇಲ್ಲಿ ನಮ್ಮ ಕಥಾನಾಯಕ ಬರುತ್ತಾನೆ. ಗಿಲ್ಬರ್ಟ್ ನ್ಯೂಟನ್ ಲೂಯಿಸ್, 1875ರಲ್ಲಿ ಅಮೆರಿಕದ ಮಸಾಚುಸೆಟ್ಸ್ ಪ್ರಾಂತದಲ್ಲಿ ಹುಟ್ಟಿದವನು. 1902ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಕಿರಿಯ ಉಪಾಧ್ಯಾಯ. ಹೊಸ ವಿದ್ಯಾರ್ಥಿಗಳಿಗೆ ವೇಲೆನ್ಸಿಯ ಪಾಠ ಹೇಳಬೇಕಾಗಿತ್ತು. ಪರಮಾಣುವನ್ನು ಒಂದು ಘನವೆಂದು, ಎಂದರೆ ಆರು ಮುಖದ ದಾಳದಂಥ ಆಕಾರವೆಂದು, ಭಾವಿಸಿ ಅದರ ಎಂಟು ಮೂಲೆಗಳಲ್ಲಿ ಎಲೆಕ್ಟ್ರಾನುಗಳನ್ನು ಇಟ್ಟರೆ ಹೇಗೆ ಎಂದು ಆತನಿಗೆ ಹೊಳೆಯಿತು. ಲಿಥಿಯಮ್ಮಿಗೆ ಒಂದು ಮೂಲೆ ತುಂಬಿದೆ, ಇಂಗಾಲಕ್ಕೆ ನಾಲ್ಕು, ಫ್ಲೂರೀನಿಗೆ ಏಳು, ಎಂಟೂ ತುಂಬಿದರೆ ಯಾರ ಸಹವಾಸವೂ ಬೇಡವೆನ್ನುವ ಜಡ ಅನಿಲ. ಆ ವರ್ಷದ ಮಾರ್ಚಿ 28ರ ದಿನಾಂಕ ಹಾಕಿ ಒಂದು ಹಾಳೆಯಲ್ಲಿ ಇದನ್ನು ಬರೆದಿಟ್ಟ. ಪಾಠ ಸುಲಭವಾಗಲೆಂದು ಮಾಡಿಕೊಂಡ ಹಂಚಿಕೆಯೇ ಮುಂದೆ ಶಾಸ್ತ್ರವಾದದ್ದನ್ನು ನಮ್ಮ ಮಾಸ್ತರರು ಗಮನಿಸಬೇಕು.

ಬರೆದಿಟ್ಟನೇ ಹೊರತು ಅಚ್ಚು ಮಾಡಿಸಲಿಲ್ಲ. ಅಂದಿನ ಹಾರ್ವರ್ಡಿನಲ್ಲಿ ಇಂಥ ಊಹೆಗಳಿಗೆ ಮನ್ನಣೆ ಇರಲಿಲ್ಲ. ಅಳೆದು ತೂಗಿದ್ದೇ ಅಲ್ಲಿ ವಿಜ್ಞಾನ. 1904ರಲ್ಲಿ ಲೂಯಿಸ್ ಫಿಲಿಪೈನ್ಸ್ ದ್ವೀಪಗಳಿಗೆ ಹೋಗಿ ಒಂದು ವರ್ಷ ತೂಕ ಅಳತೆಗಳ ಕಚೇರಿ ನೋಡಿಕೊಂಡ. ಅದೇ 1904ರಲ್ಲಿ ಜರ್ಮನಿಯ ಆಬೆಗ್ ಎಂಬಾತ, ಧಾತುವೊಂದರ ಅತಿ ಹೆಚ್ಚಿನ ಧನ ವೇಲೆನ್ಸಿ, ಋಣ ವೇಲೆನ್ಸಿ ಇವೆರಡನ್ನೂ ಕೂಡಿಸಿದರೆ ಬಹುಮಟ್ಟಿಗೆ ಎಂಟಾಗುತ್ತದೆಂದು ಪ್ರಕಟಿಸಿದ. ಎಂಟರ ಗುಟ್ಟು ಗಾಳಿಯಲ್ಲಿ ತೇಲಾಡುತ್ತಿತ್ತೆಂದೇ ಹೇಳಬೇಕು.

ಹದಿನಾಲ್ಕು ವರ್ಷ ಕಳೆದು 1916ರಲ್ಲಿ, ಯೂರೋಪಿನಲ್ಲಿ ಮಹಾಯುದ್ಧ ನಡೆದಿರುವಾಗ, ಕ್ಯಾಲಿಫೋರ್ನಿಯದ ಬರ್ಕ್ಲಿಯಿಂದ ಲೂಯಿಸ್‌ನ ಲೇಖನ ಹೊರಬಂತು. ಎರಡು ಘನಗಳು ಒಂದು ಅಂಚನ್ನು ಹಂಚಿಕೊಂಡರೆ ಒಂಟಿ ಬಂಧ, ಒಂದು ಮುಖವನ್ನೇ ಹಂಚಿಕೊಂಡರೆ ಜೋಡಿ ಬಂಧ. ಮೂರು ಬಂಧಕ್ಕೆ ಏನು ಮಾಡೋಣ? ಎರಡು ಪೆಟ್ಟಿಗೆಗಳನ್ನು ಹೇಗೆ ಇಟ್ಟರೂ ಅವು ಮೂರು ಅಂಚುಗಳನ್ನು ಮಾತ್ರ ಹಂಚಿಕೊಳ್ಳಲಾರವು. ಅಲ್ಲಿಗೆ ಲೂಯಿಸ್ ತನ್ನ ಘನವನ್ನು ತಾನೇ ಕೈಬಿಟ್ಟ. ಉಳಿದದ್ದು ಜೋಡಿ. ಗೆರೆಯೆಂದರೆ ಎರಡು ಪರಮಾಣುಗಳು ಕೂಡಿ ಇಟ್ಟುಕೊಂಡ ಒಂದು ಜೋಡಿ ಎಲೆಕ್ಟ್ರಾನು, ಅಷ್ಟೇ! ಪೂರ್ಣ ವಿವರಣೆಯಲ್ಲ ಇದು. ಆದರೆ ಐವತ್ತು ವರ್ಷ ಮೂಕವಾಗಿದ್ದ ಗೆರೆಗೆ ಬಾಯಿ ಬಂದದ್ದು ಇಲ್ಲಿ. ಬರೆಯುವುದೂ ಸುಲಭ. ಒಂದರ ಮೇಲೊಂದು ಎರಡು ಚುಕ್ಕಿಯ ವಿರಾಮಚಿಹ್ನೆ ಪ್ರತಿಯೊಂದು ಛಾಪಖಾನೆಯಲ್ಲಿಯೂ ಮೊಳೆಯಾಗಿ ಸಿದ್ಧವಿತ್ತು. ಎರಡು ಜಲಜನಕಗಳ ನಡುವೆ ಆ ಚಿಹ್ನೆ ಇಟ್ಟರೆ ಜಲಜನಕದ ಅಣು ಆಯಿತು. ಹೊಸ ಅಚ್ಚು ಎರಕ ಹೊಯ್ಯಬೇಕಾಗಲಿಲ್ಲ. ಚುಕ್ಕಿ ಜಗತ್ತನ್ನೆಲ್ಲ ಸುತ್ತಿದ್ದಕ್ಕೆ ಈ ಅಗ್ಗತನವೂ ಒಂದು ಕಾರಣವಿರಬೇಕೆಂದು ನನ್ನ ಊಹೆ.

ಅದೇ 1916ರಲ್ಲಿ ಜರ್ಮನಿಯ ಕೊಸೆಲ್ ಇನ್ನೊಂದು ಬಗೆಯನ್ನು ಹೇಳಿದ. ಹಂಚಿಕೊಳ್ಳುವುದಲ್ಲ, ಕೊಟ್ಟುಬಿಡುವುದು. ಸೋಡಿಯಂ ತನ್ನ ಒಂದೇ ಒಂದು ಹೊರ ಎಲೆಕ್ಟ್ರಾನನ್ನು ಏಳಿರುವ ಕ್ಲೋರೀನಿಗೆ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಧನ, ಋಣಗಳು ಒಂದನ್ನೊಂದು ಸೆಳೆದು ನಮ್ಮ ಅಡಿಗೆಯ ಉಪ್ಪಾಗುತ್ತದೆ.

ಈಗ ಪಾಟಿಗೆ ಬರೋಣ. ಪರಮಾಣುವಿನ ಎಲ್ಲ ಎಲೆಕ್ಟ್ರಾನುಗಳಿಗೂ ಚುಕ್ಕಿ ಇಡುವುದಿಲ್ಲ. ಒಳಗಿನವು ಮನೆಯ ಒಳಕೋಣೆಯವರು, ವ್ಯವಹಾರಕ್ಕೆ ಬರುವುದಿಲ್ಲ. ಕಟ್ಟೆಯ ಮೇಲೆ ಕುಳಿತವುಗಳಿಗೆ, ಅಂದರೆ ಹೊರಕವಚದ ವೇಲೆನ್ಸಿ ಎಲೆಕ್ಟ್ರಾನುಗಳಿಗೆ ಮಾತ್ರ ಚುಕ್ಕಿ. ಸಾರಜನಕಕ್ಕೆ ಒಟ್ಟು ಏಳು. ಒಳಗೆ ಎರಡು, ಹೊರಗೆ ಐದು. ಆದ್ದರಿಂದ ಐದು ಚುಕ್ಕಿ. ಇಡುವ ಕ್ರಮ ಹೇಗೆಂದರೆ, ಪಂಕ್ತಿಯಲ್ಲಿ ಹೋಳಿಗೆ ಬಡಿಸಿದಂತೆ ಮೊದಲು ನಾಲ್ಕು ಬದಿಗೂ ಒಂದೊಂದು, ಆಮೇಲೆ ಎರಡನೆಯ ಸುತ್ತು. ಸಾರಜನಕದ ಐದನೆಯ ಚುಕ್ಕಿ ಒಂದು ಬದಿಯಲ್ಲಿ ಜೋಡಿಯಾಗಿ ಕೂಡುತ್ತದೆ. ಮೂರು ಬದಿ ಒಂಟಿ. ಆ ಮೂರೂ ಒಂಟಿ ಚುಕ್ಕಿಗಳ ಪಕ್ಕದಲ್ಲಿ ಮೂರು ಜಲಜನಕಗಳನ್ನು ತಂದು ಅವುಗಳ ಚುಕ್ಕಿ ಸೇರಿಸಿರಿ. ಅಮೋನಿಯ ಸಿದ್ಧವಾಯಿತು. ಸುತ್ತ ಎಣಿಸಿದರೆ ಎಂಟು.

ಗೆರೆ ಎಂದೂ ತೋರಿಸದಿದ್ದ ಒಂದು ಸಂಗತಿ ಇಲ್ಲಿ ಕಣ್ಣಿಗೆ ಬೀಳುತ್ತದೆ. ಹಳೆಯ ಪದ್ಧತಿಯಲ್ಲಿ ಅಮೋನಿಯ ಎಂದರೆ ಮೂರು ಗೆರೆ, ಮುಗಿಯಿತು. ಚುಕ್ಕಿಯಲ್ಲಿ ಮೂರು ಜೋಡಿಯ ಜೊತೆಗೆ ಯಾರೊಂದಿಗೂ ಹಂಚಿಕೊಳ್ಳದ ನಾಲ್ಕನೆಯ ಜೋಡಿಯೊಂದು ಸಾರಜನಕದ ನೆತ್ತಿಯ ಮೇಲೆ ಬಿಡುವಾಗಿ ಕುಳಿತಿದೆ. ನೀರಿನ ಆಮ್ಲಜನಕದ ಮೇಲೆ ಇಂಥ ಬಿಡಿ ಜೋಡಿಗಳು ಎರಡು. ಕಟ್ಟಿಹಾಕಿದ ಜೋಡಿಗಳು ವಸ್ತುವಿನ ಅಸ್ಥಿಪಂಜರವನ್ನು ಹೇಳುತ್ತವೆ. ಬಿಡಿ ಜೋಡಿಗಳು ಅದರ ನಡವಳಿಕೆಯನ್ನು ಹೇಳುತ್ತವೆ. ಲೂಯಿಸ್ 1923ರ ತನ್ನ ಪುಸ್ತಕದಲ್ಲಿ ಇಷ್ಟನ್ನೇ ಆಧಾರ ಮಾಡಿಕೊಂಡು ಆಮ್ಲ, ಪ್ರತ್ಯಾಮ್ಲಗಳಿಗೆ ಹೊಸ ವ್ಯಾಖ್ಯೆ ಕೊಟ್ಟ. ಜೋಡಿಯನ್ನು ನೀಡುವುದು ಪ್ರತ್ಯಾಮ್ಲ, ಅದನ್ನು ಅಂಗೀಕರಿಸುವುದು ಆಮ್ಲ.

ಇದೆಲ್ಲ ಪುಸ್ತಕದ ಮಾತೆಂದು ಅನಿಸಿದರೆ ನಿಪ್ಪಾಣಿಗೆ ಬನ್ನಿರಿ. ತಂಬಾಕಿನ ವಖಾರಗಳಿಂದ ಹೆಸರಾದ ಊರು. ತಂಬಾಕಿನ ಬೆಲೆಗಾಗಿ ಹೋರಾಡಿದ ರೈತರ ಮೇಲೆ 1981ರ ಏಪ್ರಿಲ್ ತಿಂಗಳಲ್ಲಿ ಗುಂಡು ಹಾರಿ ಜೀವಹಾನಿಯಾದ ಊರು. ಆ ಕಡೆಯ ಮುದುಕರು ಚಂಚಿ ಬಿಚ್ಚಿ ಚಿಟಿಕೆ ತಂಬಾಕು ಅಂಗೈಗೆ ಹಾಕಿಕೊಂಡು, ಅದಕ್ಕೆ ಬೆರಳ ತುದಿಯಷ್ಟು ಸುಣ್ಣ ಹಚ್ಚಿ, ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಒಸಡಿಗೆ ಇಟ್ಟುಕೊಳ್ಳುವುದನ್ನು ನೋಡಿದ್ದೀರಿ. ಸುಣ್ಣವೇಕೆ? ರುಚಿಗೆಂದು ಹೇಳುವವರುಂಟು, ರೂಢಿ ಎನ್ನುವವರುಂಟು. ಸುಣ್ಣವಿಲ್ಲದಿದ್ದರೆ 'ಏರುವುದಿಲ್ಲ' ಎನ್ನುವವರ ಮಾತೇ ಸತ್ಯಕ್ಕೆ ಹತ್ತಿರ.

ತಂಬಾಕಿನ ಸಾರ ನಿಕೊಟಿನ್. ಅದರ ಅಣುವಿನಲ್ಲಿ ಇಂಗಾಲ ಹತ್ತು, ಜಲಜನಕ ಹದಿನಾಲ್ಕು, ಸಾರಜನಕ ಎರಡು. ಚುಕ್ಕಿಗಳ ಲೆಕ್ಕ ಹಾಕೋಣ. ಇಂಗಾಲಕ್ಕೆ ನಾಲ್ಕರಂತೆ 40, ಜಲಜನಕಕ್ಕೆ ಒಂದರಂತೆ 14, ಸಾರಜನಕಕ್ಕೆ ಐದರಂತೆ 10. ಒಟ್ಟು 64 ಚುಕ್ಕಿ, 32 ಜೋಡಿ. ಇವುಗಳಲ್ಲಿ 30 ಜೋಡಿ ಬಂಧಗಳಲ್ಲಿ ತೊಡಗಿವೆ. ಉಳಿದ ಎರಡೇ ಎರಡು ಜೋಡಿ, ಸಾರಜನಕಕ್ಕೆ ಒಂದೊಂದರಂತೆ ಬಿಡುವಾಗಿವೆ. ಅವೆರಡರಲ್ಲಿಯೂ ಒಂದು ಹೆಚ್ಚು ಚುರುಕು. ಒಣಗಿದ ಎಲೆಯಲ್ಲಿ ಮಾಲಿಕ್, ಸಿಟ್ರಿಕ್ ಮೊದಲಾದ ಆಮ್ಲಗಳಿರುತ್ತವೆ. ಆಮ್ಲದಿಂದ ಕಳಚಿದ ಜಲಜನಕ, ತನ್ನದೊಂದು ಚುಕ್ಕಿಯೂ ಇಲ್ಲದ ಬರಿಗೈ ಕಣ. ಅದು ಬಂದು ಈ ಬಿಡಿ ಜೋಡಿಯ ಮೇಲೆ ಕೂಡುತ್ತದೆ. ನಿಕೊಟಿನ್ನಿಗೆ ಆಗ ಧನ ವಿದ್ಯುದಂಶ ಬರುತ್ತದೆ. ವಿದ್ಯುದಂಶ ಹೊತ್ತ ಕಣವನ್ನು ಬಾಯಿಯ ಒಳಪೊರೆ ಸುಲಭವಾಗಿ ಒಳಗೆ ಬಿಡದು. ಆ ಪೊರೆ ಜಿಡ್ಡಿನ ಗೋಡೆ. ಸುಣ್ಣ ಮಾಡುವುದಿಷ್ಟು: ಅದರಲ್ಲಿರುವ ಆಮ್ಲಜನಕ-ಜಲಜನಕದ ಕೂಟ ತನ್ನ ಬಿಡಿ ಜೋಡಿಯನ್ನು ಮುಂದೊಡ್ಡಿ, ನಿಕೊಟಿನ್ನಿನ ಮೇಲೆ ಕುಳಿತ ಜಲಜನಕವನ್ನು ಎಳೆದುಕೊಂಡು ನೀರಾಗುತ್ತದೆ. ನಿಕೊಟಿನ್ನಿನ ಜೋಡಿ ತೆರವಾಯಿತು, ವಿದ್ಯುದಂಶ ಹೋಯಿತು, ಅದು ಪೊರೆಯನ್ನು ದಾಟಿ ರಕ್ತ ಸೇರಿತು. ಅರುವತ್ತನಾಲ್ಕು ಚುಕ್ಕಿಗಳಲ್ಲಿ ಎರಡೇ ಎರಡರ ಮೇಲೆ ಕೂಡುವುದು ಏಳುವುದು, ಇಷ್ಟೇ ವ್ಯತ್ಯಾಸ.

ಆ ಮುದುಕರಿಗೆ ಚುಕ್ಕಿ ಗೊತ್ತಿಲ್ಲ, ಲೂಯಿಸ್ ಗೊತ್ತಿಲ್ಲ. ಅಂಗೈಯಲ್ಲಿ ಮಾಡಿದ ಪ್ರಯೋಗ ಮಾತ್ರ ನಿರ್ದುಷ್ಟ. ಇದನ್ನು ಹೊಗಳಿಕೆಯೆಂದು ತಿಳಿಯಬಾರದು. ಬೇಗ ಏರುವುದು ಬೇಗ ಅಂಟುವುದಕ್ಕೂ ದಾರಿ. ಎಲೆಯನ್ನು ಒಣಗಿಸಿ ಇಡುವಾಗ ಇದೇ ಸಾರಜನಕದ ವಸ್ತುಗಳಿಂದ ನೈಟ್ರೊಸಮೀನುಗಳೆಂಬ ಪದಾರ್ಥಗಳು ಹುಟ್ಟುತ್ತವೆ. ಬಾಯಿಯ ಕ್ಯಾನ್ಸರಿಗೆ ಅವು ಮುಖ್ಯ ಕಾರಣಗಳಲ್ಲಿ ಸೇರಿವೆ. ಬೆಳೆಯುವವರಿಗೂ ಅಪಾಯವಿಲ್ಲದಿಲ್ಲ. ಹಸಿ ಎಲೆ ಕೊಯ್ಯುವ ಕೂಲಿಯವರಿಗೆ ಇಬ್ಬನಿ ನೆನೆದ ಎಲೆಯಿಂದ ನಿಕೊಟಿನ್ ಚರ್ಮದ ಮೂಲಕವೇ ಒಳಗಿಳಿದು ತಲೆಸುತ್ತು, ವಾಂತಿ ಬರುವುದನ್ನು ವೈದ್ಯರು ಬಲ್ಲರು.

ಸುಣ್ಣದ ಮಾತು ಬಂದಿತಷ್ಟೆ. ರಾಯಬಾಗದ ಕಡೆಯ ಗಾಣಗಳಲ್ಲಿ ಕಬ್ಬಿನ ಹಾಲಿಗೆ ಸುಣ್ಣದ ನೀರು ಹಾಕುವುದೂ, 1939ರಲ್ಲಿ ಹುಟ್ಟಿದ ಉಗಾರದ ಸಕ್ಕರೆ ಕಾರ್ಖಾನೆಯಂಥ ದೊಡ್ಡ ಕಾರ್ಖಾನೆಗಳಲ್ಲಿ ರಸಕ್ಕೆ ಸುಣ್ಣ ಬೆರೆಸುವುದೂ ಇದೇ ಲೆಕ್ಕದಿಂದ. ಸಕ್ಕರೆಯ ಅಣುವಿನಲ್ಲಿ ಎರಡು ತುಂಡುಗಳು ಒಂದು ಆಮ್ಲಜನಕದ ಸೇತುವೆಯಿಂದ ಕೂಡಿವೆ. ರಸ ಹುಳಿಯಾಗಿದ್ದರೆ ಬರಿಗೈ ಜಲಜನಕ ಆ ಸೇತುವೆಯ ಬಿಡಿ ಜೋಡಿಯ ಮೇಲೆ ಕೂಡುತ್ತದೆ, ಸೇತುವೆ ಮುರಿಯುತ್ತದೆ. ಹರಳುಗಟ್ಟಬೇಕಾದ ಸಕ್ಕರೆ ಗ್ಲೂಕೋಸ್, ಫ್ರಕ್ಟೋಸ್ ಎಂದು ಇಬ್ಭಾಗವಾಗಿ ಹೋಗುತ್ತದೆ. ಸುಣ್ಣ ಮೊದಲೇ ಆ ಜಲಜನಕವನ್ನು ಹಿಡಿದುಬಿಡುತ್ತದೆ. ನಿಪ್ಪಾಣಿಯಲ್ಲಿ ಜೋಡಿಯನ್ನು ಬಿಡಿಸುವ ಸುಣ್ಣ ಉಗಾರದಲ್ಲಿ ಜೋಡಿಯನ್ನು ಕಾಯುತ್ತದೆ. ಅಥಣಿಯ ಕಡೆ ಚಪ್ಪಲಿಗೆ ತೊಗಲು ಹದ ಮಾಡುವವರೂ ಕೂದಲು ಸಡಿಲಾಗಲು ಸುಣ್ಣದ ನೀರನ್ನೇ ಬಳಸುತ್ತ ಬಂದವರು. ಅದು ಬೇರೆಯೇ ಒಂದು ಭಾಷಣದ ವಸ್ತು.

ಚುಕ್ಕಿಯ ಕೀರ್ತಿ ಯಾರಿಗೆ ಸಂದಿತು ಎಂಬ ಪ್ರಸಂಗವನ್ನು ಬಿಡುವಂತಿಲ್ಲ. 1919ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಶಾಲೆಯಲ್ಲಿದ್ದ ಇರ್ವಿಂಗ್ ಲ್ಯಾಂಗ್ಮುರ್ ಈ ವಿಚಾರವನ್ನು ಎತ್ತಿಕೊಂಡು ಬೆಳೆಸಿದ. ಲೂಯಿಸ್ ಮಾತಿಗೆ ಸಂಕೋಚಪಡುವ ಸ್ವಭಾವದವನು. ಲ್ಯಾಂಗ್ಮುರ್ ಸೊಗಸಾದ ಭಾಷಣಕಾರ. ಎಂಟರ ಕೂಟಕ್ಕೆ 'ಆಕ್ಟೆಟ್' ಎಂದೂ, ಹಂಚಿಕೊಂಡ ಬಂಧಕ್ಕೆ 'ಕೋವೇಲೆನ್ಸ್' ಎಂದೂ ಹೆಸರಿಟ್ಟವನು ಆತನೇ. ನಮ್ಮ ಪುಸ್ತಕಗಳ 'ಅಷ್ಟಕ', 'ಸಹವೇಲೆನ್ಸಿ' ಅವುಗಳ ಕನ್ನಡ ರೂಪ. ಸಭೆಗಳಲ್ಲಿ ಹೆಸರು ಪಡೆದದ್ದೇ ತಡ, ಲೂಯಿಸ್‌ನ ಸಿದ್ಧಾಂತ 'ಲೂಯಿಸ್-ಲ್ಯಾಂಗ್ಮುರ್ ಸಿದ್ಧಾಂತ'ವಾಯಿತು. ಕೆಲವರ ಬಾಯಲ್ಲಿ ಬರೀ ಲ್ಯಾಂಗ್ಮುರ್ ಸಿದ್ಧಾಂತವೂ ಆಯಿತು. ಲೂಯಿಸ್ ನೊಂದುಕೊಂಡ. ತನ್ನ 1923ರ ಪುಸ್ತಕದಲ್ಲಿ 1902ರ ಆ ಹಳೆಯ ಹಾಳೆಯ ಚಿತ್ರವನ್ನು ಅಚ್ಚು ಹಾಕಿಸಿದ. ನ್ಯಾಯ ಹೇಳಬೇಕಾದರೆ, ಲ್ಯಾಂಗ್ಮುರ್ ಕದ್ದವನಲ್ಲ; ಲೂಯಿಸ್‌ನ ಹೆಸರು ಹೇಳಿಯೇ ಬರೆದವನು. ಆದರೂ ಕಂಡವನಿಗಿಂತ ಸಾರಿದವನಿಗೆ ಹೆಚ್ಚು ಹೆಸರು ಬಂದದ್ದು ನಿಜ. ಲ್ಯಾಂಗ್ಮುರ್‌ಗೆ 1932ರಲ್ಲಿ ನೊಬೆಲ್ ಬಹುಮಾನ ಸಿಕ್ಕಿತು, ಬೇರೆ ಕೆಲಸಕ್ಕೆ. ಲೂಯಿಸ್‌ನ ಹೆಸರು ನಲ್ವತ್ತಕ್ಕೂ ಹೆಚ್ಚು ಬಾರಿ ಸೂಚಿತವಾದರೂ ಬಹುಮಾನ ಬರಲಿಲ್ಲ. 1946ರ ಮಾರ್ಚಿ 23ರಂದು ಬರ್ಕ್ಲಿಯ ತನ್ನ ಪ್ರಯೋಗಶಾಲೆಯಲ್ಲಿಯೇ ಆತ ತೀರಿಕೊಂಡ.

ಚುಕ್ಕಿಯ ಮಿತಿಯನ್ನೂ ಹೇಳದೆ ಹೋದರೆ ತಪ್ಪಾದೀತು. ನಾವು ಉಸಿರಾಡುವ ಆಮ್ಲಜನಕವನ್ನೇ ತೆಗೆದುಕೊಳ್ಳಿರಿ. ಆರು ಆರು ಹನ್ನೆರಡು ಚುಕ್ಕಿ. ಎರಡು ಜೋಡಿ ನಡುವೆ, ನಾಲ್ಕು ಜೋಡಿ ಹೊರಗೆ. ನಿಯಮಕ್ಕೆ ಸರಿಯಾಗಿ ಎಲ್ಲವೂ ಜೋಡಿ ಜೋಡಿ. ಎಲ್ಲವೂ ಜೋಡಿಯಾಗಿರುವ ವಸ್ತು ಅಯಸ್ಕಾಂತದ ಕಡೆ ಸುಳಿಯಬಾರದು. ಆದರೆ ದ್ರವರೂಪದ ಆಮ್ಲಜನಕ ಬಲವಾದ ಅಯಸ್ಕಾಂತದ ಎರಡು ಧ್ರುವಗಳ ನಡುವೆ ಅಂಟಿ ನಿಲ್ಲುವುದನ್ನು ಡ್ಯೂವರ್ 1891ರಲ್ಲಿಯೇ ತೋರಿಸಿದ್ದ. ನಿಜದಲ್ಲಿ ಅಲ್ಲಿ ಎರಡು ಎಲೆಕ್ಟ್ರಾನು ಒಂಟಿಯಾಗಿವೆ. ಚುಕ್ಕಿ ಇಲ್ಲಿ ಸುಳ್ಳು ಹೇಳಿತು. ಲೂಯಿಸ್‌ಗೂ ಈ ತೊಡಕು ತಿಳಿದಿತ್ತು. ಅದನ್ನು ಬಿಡಿಸಲು ಆತ ಹೆಣಗಿದ. ಉತ್ತರ ಸಿಕ್ಕಿದ್ದು 1930ರ ಸುಮಾರಿಗೆ, ಕ್ವಾಂಟಂ ಸಿದ್ಧಾಂತ ಬೇರೂರಿದ ಮೇಲೆ. ಎಲೆಕ್ಟ್ರಾನು ಒಂದೆಡೆ ಕೂಡುವ ಚುಕ್ಕಿಯೇ ಅಲ್ಲ ಎಂದು ಅದು ಸಾರಿತು. ಅಚ್ಚರಿಯೆಂದರೆ ಆ ಸಿದ್ಧಾಂತವೇ ಜೋಡಿಯನ್ನು ಎತ್ತಿ ಹಿಡಿಯಿತು. 1927ರಲ್ಲಿ ಹೈಟ್ಲರ್, ಲಂಡನ್ ಎಂಬಿಬ್ಬರು ಎರಡು ಜಲಜನಕಗಳು ಕೂಡುವುದು ಎಲೆಕ್ಟ್ರಾನು ಜೋಡಿಯಿಂದಲೇ ಎಂದು ಗಣಿತದಿಂದ ತೋರಿಸಿದರು. ಲೈನಸ್ ಪೌಲಿಂಗ್ ರಾಸಾಯನಿಕ ಬಂಧವನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು 1939ರಲ್ಲಿ ಪ್ರಕಟಿಸಿದಾಗ ಅದನ್ನು ಲೂಯಿಸ್‌ಗೆ ಅರ್ಪಿಸಿದ.

ಇನ್ನು ಆ ಹುಡುಗಿಯ ಪ್ರಶ್ನೆ. ಎಲೆಕ್ಟ್ರಾನಿನಲ್ಲಿ ಜಾತಿಯಿಲ್ಲ. ಸೋಡಿಯಮ್ಮಿನಿಂದ ಬಂದದ್ದೂ ಕ್ಲೋರೀನಿನಿಂದ ಬಂದದ್ದೂ ಒಂದೇ. ಯಾರಿಂದ ಎಷ್ಟು ಬಂತೆಂಬ ಜಮಾ ಖರ್ಚು ಬರೆಯುವಾಗ ಮರೆತುಹೋಗದಿರಲೆಂದು ಪುಸ್ತಕದವರು ಚುಕ್ಕಿಯೊಂದು, ಗುಣಾಕಾರದ ಗುರುತೊಂದು ಹಾಕಿದ್ದಾರೆ. ಜೋಡಿಯಾದ ಮೇಲೆ ಇದು ನಿನ್ನದು, ಇದು ನನ್ನದು ಎಂದು ಗುರುತಿಸುವುದು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಅಂದು ಇಷ್ಟನ್ನು ಹೇಳಿದಾಗ ಅವಳು ಕರಿಹಲಗೆಯ ಹತ್ತಿರ ಬಂದು, ಅಮೋನಿಯದ ಚಿತ್ರದಲ್ಲಿದ್ದ ಮೂರು ಗುಣಾಕಾರದ ಗುರುತುಗಳನ್ನು ಅಂಗೈಯಿಂದ ಒರಸಿ ಅಲ್ಲಿ ಮೂರು ಚುಕ್ಕಿ ಇಟ್ಟಳು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಅವರ ಮಾಸ್ತರರು ಎದ್ದು, "ಪರೀಕ್ಷಾದಾಗ ಮಾತ್ರ ಪುಸ್ತಕದಾಗ ಇದ್ಹಂಗೇ ಬರೀಬೇಕು ನೋಡವಾ" ಎಂದು ಎಚ್ಚರಿಕೆ ಕೊಟ್ಟರು.